ಥೇರನೊಬ್ಬನಿಗೆ ಹತ್ತು ಸಾಲು

ನವಲಗುಂದದ ಕಡೆ ಎರೆಯ ಹೊಲವೊಂದು ಮಾರಾಟಕ್ಕೆ ಬಂದಿತೆಂದರೆ ಕೊಳ್ಳುವ ಒಕ್ಕಲಿಗನು ಮೊದಲು ಹೆಂಟೆಯನ್ನು ಮುರಿದು ಮಣ್ಣನ್ನು ನೋಡುತ್ತಾನೆ. ಆಮೇಲೆ ಉತಾರವನ್ನು ಕೇಳುತ್ತಾನೆ. “ನಮ್ಮ ಮುತ್ಯಾನ ಕಾಲದಿಂದ ನಮ್ಮದ ಐತ್ರಿ ಈ ಹೊಲ, ಊರಿಗೆ ಊರ ಹೇಳತೈತಿ” ಎಂದು ಮಾರುವವನು ಆಣೆಯಿಟ್ಟು ನುಡಿದರೂ ಕೊಳ್ಳುವವನು ಜಗ್ಗುವುದಿಲ್ಲ. “ಊರು ಹೇಳೂದು ಖರೇನ ಐತ್ರಿ ಗೌಡ್ರ, ಉತಾರ ಏನ ಹೇಳತೈತಿ ಅದನ್ನೂ ನೋಡೂಣು” ಎನ್ನುತ್ತಾನೆ. ಇದರಲ್ಲಿ ಮಾರುವವನಿಗೆ ಅವಮಾನವೇನೂ ಇಲ್ಲ. ಹೊಲವೆಂಬುದು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕಾದ ವಸ್ತು. ಅದಕ್ಕೆ ಬಾಯಿಮಾತಿನ ಬುನಾದಿ ಸಾಲದು.

ಇಷ್ಟು ಜಾಗರೂಕನಾದ ಅದೇ ಒಕ್ಕಲಿಗನು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತಾಗ ಮಾತ್ರ ಬೇರೆಯೇ ಮನುಷ್ಯನಾಗುತ್ತಾನೆ. ಯಾರೋ ಒಬ್ಬರು, “ಬುದ್ಧನ ಶಿಷ್ಯನೊಬ್ಬನು ನಮ್ಮ ಸೀಮೆಗೆ ಬಂದು ಅರವತ್ತು ಸಾವಿರ ಜನರಿಗೆ ಉಪದೇಶ ಮಾಡಿದನಂತೆ” ಎಂದರೆ ತಲೆದೂಗುತ್ತಾನೆ. ಆ ಮಾತಿಗೆ ಉತಾರವನ್ನು ಕೇಳುವುದಿಲ್ಲ. ಊರಿನ ಹಿರಿಮೆಯ ಮಾತು, ಕೇಳುವುದಕ್ಕೆ ಇಂಪಾಗಿದೆ, ಯಾರಿಗೇನು ನಷ್ಟ?

ಕಟ್ಟೆಯ ಮೇಲಿನ ಮಾತು ಕಟ್ಟೆಯ ಮೇಲೆಯೇ ಉಳಿದಿದ್ದರೆ ನಷ್ಟವಿರಲಿಲ್ಲ. ಆದರೆ ಈಗ ಆ ಮಾತು ವಿಶ್ವಕೋಶವನ್ನು ಸೇರಬಲ್ಲುದು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟವನ್ನು 1969ರಲ್ಲಿ ಹೊರತಂದಾಗ ಅದರ ಒಂದೊಂದು ಲೇಖನವೂ ಆಯಾ ವಿಷಯವನ್ನು ಬಲ್ಲವರಿಂದ ಬಂದು, ಸಂಪಾದಕರ ಕೈಯಲ್ಲಿ ಹಾದು ಅಚ್ಚಿಗೆ ಹೋಗುತ್ತಿದ್ದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾದಲ್ಲಿ ಬರೆಯುವುದಕ್ಕಾದರೋ ಪದವಿಯೂ ಬೇಡ, ಆಮಂತ್ರಣವೂ ಬೇಡ. ಕೈಯಲ್ಲಿ ಮೊಬೈಲು ಇದ್ದವನು ಹಳ್ಳಿಯ ಜಗುಲಿಯಲ್ಲಿ ಕುಳಿತೇ ಬರೆಯಬಹುದು; ಇನ್ನೊಬ್ಬನು ಅದನ್ನು ತಿದ್ದಬಹುದು. ಇದು ದೊಡ್ಡ ಸೌಭಾಗ್ಯವೇ ಸರಿ. ಆದರೆ ಸಂಪಾದಕನ ಹೊಣೆಯೂ ಅದರೊಡನೆ ಬರೆಯುವವನ ಹೆಗಲನ್ನೇ ಏರಿತೆಂಬುದನ್ನು ಮರೆಯಲಾಗದು.

ಕುಂದಗೋಳದ ಕಡೆಯ ತರುಣನೊಬ್ಬನು ಇಂತಹ ಕೆಲಸಕ್ಕೆ ಕುಳಿತನೆಂದು ಇಟ್ಟುಕೊಳ್ಳಬಹುದು. ಅವನು ಆರಿಸಿಕೊಂಡ ವಿಷಯ ರಕ್ಖಿತ ಥೇರ. ಕನ್ನಡ ನಾಡಿಗೆ ಬೌದ್ಧಧರ್ಮವನ್ನು ತಂದವರಲ್ಲಿ ಮೊದಲಿಗನೆಂದು ಹೆಸರಾದ ಭಿಕ್ಷು. ಅವನ ಮುಂದಿರುವ ಹಳೆಯ ಕರಡಿನಲ್ಲಿ ನಾಲ್ಕೇ ವಾಕ್ಯಗಳಿವೆ: ರಕ್ಖಿತನು ಬುದ್ಧನ ಶಿಷ್ಯ, ಅಶೋಕನು ಅವನನ್ನು ಬನವಾಸಿಗೆ ಕಳುಹಿಸಿದನು, ಅವನು 60,000 ಜನರನ್ನು ಧರ್ಮಕ್ಕೆ ತಂದು 500 ವಿಹಾರಗಳನ್ನು ಕಟ್ಟಿಸಿದನು, ಆ ಪರಂಪರೆ ಇಂದಿಗೂ ಮುಂಡಗೋಡದಲ್ಲಿ ಉಳಿದಿದೆ. ಓದುವುದಕ್ಕೆ ಸೊಗಸಾಗಿದೆ. ಆದರೆ ಒಂದು ವಾಕ್ಯಕ್ಕೂ ಉತಾರವಿಲ್ಲ.

ಮೊದಲನೆಯ ವಾಕ್ಯವು ಕೈಯಿಟ್ಟೊಡನೆಯೇ ಕುಸಿಯುತ್ತದೆ. ರಕ್ಖಿತನ ಕಥೆಯು ಬರುವುದು ಪಾಟಲೀಪುತ್ರದಲ್ಲಿ ನಡೆದ ಮೂರನೆಯ ಧರ್ಮಸಂಗೀತಿಯ ತರುವಾಯ, ಎಂದರೆ ಕ್ರಿ.ಪೂ. 250ರ ಸುಮಾರಿಗೆ. ಬುದ್ಧನ ಪರಿನಿರ್ವಾಣವಾಗಿ ಆಗಲೇ ಎಷ್ಟೋ ತಲೆಮಾರುಗಳು ಕಳೆದಿದ್ದುವು. ರಕ್ಖಿತನು ಬುದ್ಧಮಾರ್ಗದ ಶಿಷ್ಯ, ನಿಜ. ಬುದ್ಧನ ಮುಂದೆ ಕುಳಿತು ಕೇಳಿದವನಲ್ಲ.

ಎರಡನೆಯ ವಾಕ್ಯವನ್ನು ಹೇಳಿದವರು ಯಾರು? ಸಿಂಹಳದ ಮಹಾವಂಶ. ಆ ಪಾಲಿ ಗ್ರಂಥದ ಹನ್ನೆರಡನೆಯ ಪರಿಚ್ಛೇದದಲ್ಲಿ ಮೊಗ್ಗಲಿಪುತ್ತ ತಿಸ್ಸ ಥೇರನು ಒಂಬತ್ತು ದಿಕ್ಕುಗಳಿಗೆ ಧರ್ಮದೂತರನ್ನು ಕಳುಹಿಸಿದ ವೃತ್ತಾಂತವಿದೆ. ಕಳುಹಿಸಿದವನು ಅಲ್ಲಿ ತಿಸ್ಸನೇ ಹೊರತು ಅಶೋಕನಲ್ಲ. ಮಹಾದೇವನು ಮಹಿಸಮಂಡಲಕ್ಕೆ, ರಕ್ಖಿತನು ವನವಾಸಕ್ಕೆ, ಮಹಿಂದನು ಲಂಕೆಗೆ ಹೋದರೆಂದು ಅದು ಹೇಳುತ್ತದೆ. ಅದೇ ಪಟ್ಟಿಯಲ್ಲಿ ಧಮ್ಮರಕ್ಖಿತ, ಮಹಾಧಮ್ಮರಕ್ಖಿತ, ಮಹಾರಕ್ಖಿತ ಎಂಬ ಬೇರೆ ಮೂವರೂ ಇದ್ದಾರೆ. ಒಬ್ಬನು ಅಪರಾಂತಕಕ್ಕೆ, ಒಬ್ಬನು ಮಹಾರಟ್ಠಕ್ಕೆ, ಒಬ್ಬನು ಯೋನರ ದೇಶಕ್ಕೆ ಹೋದವರು. ಅವಸರದ ಲೇಖಕನು ಈ ನಾಲ್ವರನ್ನು ಒಬ್ಬನನ್ನಾಗಿ ಬೆಸೆದನೆಂದರೆ ಇಲ್ಲದ ಮಹಾಪುರುಷನೊಬ್ಬನು ಹುಟ್ಟಿಕೊಳ್ಳುತ್ತಾನೆ!

ವನವಾಸವೆಂದರೆ ಇಂದಿನ ಶಿರಸಿ ತಾಲೂಕಿನ ಬನವಾಸಿಯ ಸೀಮೆ ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಹಿಸಮಂಡಲದ ವಿಷಯ ಹಾಗಲ್ಲ. ಅದು ಮೈಸೂರೆಂದು ಕೆಲವರೂ, ನರ್ಮದೆಯ ದಡದ ಮಾಹಿಷ್ಮತಿಯ ಪ್ರಾಂತವೆಂದು ಕೆಲವರೂ ವಾದಿಸಿದ್ದಾರೆ. ಕನ್ನಡಿಗನಿಗೆ ಮೊದಲನೆಯದು ಪ್ರಿಯವಾಗಿ ಕಾಣುವುದು ಸಹಜ. ಆದರೂ ವಿಶ್ವಕೋಶದಲ್ಲಿ ಎರಡಕ್ಕೂ ಎಡೆಯಿರಬೇಕು.

ಇನ್ನು ಸಂಖ್ಯೆಗಳ ಮಾತು. ರಕ್ಖಿತನು ಆಕಾಶದಲ್ಲಿ ನಿಂತು ಉಪದೇಶ ಮಾಡಿದನು, 60,000 ಜನ ಧರ್ಮವನ್ನರಿತರು, 37,000 ಜನ ಪ್ರವ್ರಜ್ಯೆಯನ್ನು ಪಡೆದರು, 500 ವಿಹಾರಗಳು ನೆಲೆಗೊಂಡುವು ಎಂದು ಮಹಾವಂಶವು ವರ್ಣಿಸುತ್ತದೆ. ಹಳೆಯ ಕರಡನ್ನು ಬರೆದವನು ಆಕಾಶವನ್ನು ಸದ್ದಿಲ್ಲದೆ ಬಿಟ್ಟು ಅಂಕಿಗಳನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಜಾಣತನವೆಂದರೆ ಇದೇ. ಪವಾಡವನ್ನು ಕಳಚಿದರೆ ಉಳಿದುದೆಲ್ಲ ಇತಿಹಾಸವೆಂದು ಅವನ ಎಣಿಕೆ. ಆದರೆ ಎರಡೂ ಒಂದೇ ಲೇಖನಿಯಿಂದ, ಒಂದೇ ಭಕ್ತಿಯಿಂದ ಬಂದವು. ಮಹಾವಂಶವು ರಚಿತವಾದುದು ಕ್ರಿ.ಶ. 5-6ನೆಯ ಶತಮಾನದ ಸುಮಾರಿಗೆ, ರಕ್ಖಿತನ ಕಾಲಕ್ಕೂ ಅದಕ್ಕೂ ನಡುವೆ ಏಳು ಶತಮಾನಗಳಿಗೂ ಮಿಕ್ಕ ಅಂತರವಿದೆ.

“ದೀಪವಂಶದಲ್ಲಿಯೂ ಈ ಕಥೆ ಇದೆಯಲ್ಲ, ವಿನಯಪಿಟಕದ ಟೀಕೆಯಾದ ಸಮಂತಪಾಸಾದಿಕೆಯಲ್ಲಿಯೂ ಇದೆಯಲ್ಲ, ಸಾಕ್ಷಿಗಳು ಮೂವರಾದರು” ಎಂದು ತರುಣನು ಹಿಗ್ಗಬಹುದು. ಇಲ್ಲಿಯೇ ಎಚ್ಚರ ಬೇಕು. ಈ ಮೂರೂ ಸಿಂಹಳದ ಮಹಾವಿಹಾರದಲ್ಲಿದ್ದ ಹಳೆಯ ಅಟ್ಠಕಥೆಗಳನ್ನು ಆಧರಿಸಿದವು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಒಂದೇ ಮಾತನ್ನು ಹೇಳಿದರೆ ಸಾಕ್ಷಿ ಮೂರಾಗುವುದಿಲ್ಲ. ಇಂದಿನ ಕಾಲದಲ್ಲಿ ಈ ತೊಡಕು ಇನ್ನೂ ಬೆಳೆದಿದೆ. ವಿಶ್ವಕೋಶದ ಆಧಾರವಿಲ್ಲದ ವಾಕ್ಯವನ್ನು ನೋಡಿ ಯಾರೋ ಪತ್ರಿಕೆಗೆ ಬರೆಯುತ್ತಾರೆ. ಮರುವರ್ಷ ಆ ಪತ್ರಿಕೆಯನ್ನೇ ವಿಶ್ವಕೋಶದ ಅಡಿಟಿಪ್ಪಣಿಯಲ್ಲಿ ಆಧಾರವೆಂದು ಕಾಣಿಸುತ್ತಾರೆ. ಹಾವು ತನ್ನ ಬಾಲವನ್ನು ತಾನೇ ನುಂಗಿದಂತೆ.

ಹಾಗಾದರೆ ಹೊರಗಿನ ಸಾಕ್ಷಿ ಏನೂ ಇಲ್ಲವೆ? ಇದೆ, ಅದು ಹೇಳುವಷ್ಟನ್ನೇ ಕೇಳುವ ತಾಳ್ಮೆ ಬೇಕು. ಸಾಂಚಿಯ ಎರಡನೆಯ ಸ್ತೂಪವನ್ನು 1851ರಲ್ಲಿ ಕನ್ನಿಂಗ್‌ಹ್ಯಾಮನು ತೆರೆಸಿದಾಗ ದೊರೆತ ಧಾತುಕರಂಡಕಗಳ ಮೇಲೆ ಮಜ್ಝಿಮ, ಕಾಸಪಗೋತ ಎಂಬ ಹೆಸರುಗಳಿದ್ದುವು. ಮಹಾವಂಶದ ಪ್ರಕಾರ ಹಿಮವಂತಕ್ಕೆ ಹೋದವನು ಮಜ್ಝಿಮ. ಕರಂಡಕದ ಬರಹವು ಕಾಸಪಗೋತನನ್ನು ಹಿಮವತರೆಲ್ಲರ ಆಚಾರ್ಯನೆಂದು ಕರೆಯುತ್ತದೆ. ಅಂದಮೇಲೆ ಧರ್ಮದೂತರ ಕಥೆ ಬರಿಯ ಕಟ್ಟುಕಥೆಯಲ್ಲ. ಆದರೆ ರಕ್ಖಿತನ ಹೆಸರು ಆ ಕರಂಡಕಗಳಲ್ಲಿಲ್ಲ. ನಾಗಾರ್ಜುನಕೊಂಡದ ಕ್ರಿ.ಶ. 3ನೆಯ ಶತಮಾನದ ಶಾಸನವೊಂದು ಸಿಂಹಳದ ಥೇರರು ಪ್ರಸನ್ನಗೊಳಿಸಿದ ನಾಡುಗಳಲ್ಲಿ ವನವಾಸಿಯನ್ನೂ ಎಣಿಸುತ್ತದೆ. ಕಾರ್ಲೆಯ ಗುಹಾಚೈತ್ಯವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಭೂತಪಾಲ ಸೆಟ್ಟಿಯೆಂದು ಅಲ್ಲಿನ ಬರಹವಿದೆ. ವೈಜಯಂತಿ ಎಂದರೆ ಬನವಾಸಿಯೇ. ಅಣ್ಣಿಗೇರಿಯಿಂದ ಮೂಡಣಕ್ಕೆ, ಗದಗನ್ನು ದಾಟಿ ಹೋದರೆ ಸಿಗುವ ಕೊಪ್ಪಳದಲ್ಲಿ 1931ರಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದುವು. ಈ ನಾಡಿಗೆ ಬೌದ್ಧಧರ್ಮದ ನಂಟು ಹಳೆಯದೆಂಬುದನ್ನು ಇವೆಲ್ಲವೂ ಸಾರುತ್ತವೆ. ರಕ್ಖಿತನ ಹೆಸರನ್ನು ಮಾತ್ರ ಒಂದೂ ನುಡಿಯುವುದಿಲ್ಲ.

ಕಡೆಯ ವಾಕ್ಯವನ್ನು ಅಳಿಸಿಬಿಡುವುದೇ ಲೇಸು. ಕಲಘಟಗಿಯಿಂದ ತೆಂಕಣಕ್ಕೆ ಹೋದರೆ ಮುಂಡಗೋಡದ ಬಳಿ ಕಾವಿಯ ಭಿಕ್ಷುಗಳು ಕಾಣುವುದುಂಟು. ಅವರು ತಾಯ್ನಾಡನ್ನು ತೊರೆದು ಬಂದ ಟಿಬೇಟಿಯನ್ನರು. ಆ ನೆಲೆ ಸ್ಥಾಪಿತವಾದುದು 1966ರಲ್ಲಿ. ಅವರ ಕಷ್ಟದ ಕಥೆ ಬೇರೆಯೇ ಇದೆ. ಅದನ್ನು ರಕ್ಖಿತನ ಕಥೆಯ ಬಾಲವನ್ನಾಗಿ ಮಾಡುವುದು ಇಬ್ಬರಿಗೂ ಅನ್ಯಾಯ.

“ಇಷ್ಟೆಲ್ಲ ಸೋಸಿದರೆ ಊರಿನ ಹಿರಿಮೆ ಏನುಳಿಯಿತು?” ಎಂದು ಕಟ್ಟೆಯವರು ಕೇಳಿದರೆ ತರುಣನು ಅಣ್ಣಿಗೇರಿಯತ್ತ ಕೈತೋರಿಸಬಹುದು. ಅಣ್ಣಿಗೇರಿಯು ಪಂಪನ ಜನ್ಮಸ್ಥಳವೆಂದು ಎಷ್ಟೋ ಜನ ಹೇಳುತ್ತಾರೆ. ಆದರೆ ತೆಲಂಗಾಣದ ಕುರಿಕ್ಯಾಲದ ಬಳಿ ಪಂಪನ ತಮ್ಮನಾದ ಜಿನವಲ್ಲಭನು ಬರೆಸಿದ ಶಾಸನವು ಅವರ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಮನೆತನದವಳೆಂದು ತಿಳಿಸುತ್ತದೆ. ಜನ್ಮಸ್ಥಳದ ಮಾತನ್ನು ಎತ್ತುವುದಿಲ್ಲ. ಅದು ಊಹೆ, ತಾಯಿಯ ತವರು ಎಂಬುದು ಕಲ್ಲಿನ ಮೇಲಿನ ಮಾತು. ಆದಿಕವಿಯ ತಾಯಿಯ ತವರೆಂಬ ಗೌರವವು ಅಣ್ಣಿಗೇರಿಗೆ ಕಡಮೆಯಾಯಿತೆ?

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಡಂಬಳದಲ್ಲಿ ಕ್ರಿ.ಶ. 1095ರ ಶಾಸನವೊಂದಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಧರ್ಮವೊಳಲೆಂದು ಕರೆಸಿಕೊಂಡ ಆ ಊರಿನಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನು, ತಾರಾ ಭಗವತಿಯ ಆರಾಧನೆಯನ್ನು ಅದು ಹೇಳುತ್ತದೆ. ರಕ್ಖಿತನಿಗೂ ಇದಕ್ಕೂ ಹದಿಮೂರು ಶತಮಾನಗಳಿಗೂ ಮೇಲಾದ ಅಂತರ. ಒಂದನ್ನು ಇನ್ನೊಂದಕ್ಕೆ ಗಂಟು ಹಾಕಲಾಗದು. ಆದರೆ ಇದು ಕಲ್ಲಿನಷ್ಟೇ ಗಟ್ಟಿಯಾದ ಸತ್ಯ. ವಿಶ್ವಕೋಶದಲ್ಲಿ ಬುದ್ಧನ ನೇರ ಶಿಷ್ಯನೆಂದೂ 500 ವಿಹಾರಗಳೆಂದೂ ಬರೆದು ನಾಳೆ ಅದು ಪೊಳ್ಳೆಂದು ಬಯಲಾದರೆ, ಪಕ್ಕದ ಪುಟದಲ್ಲಿರುವ ಡಂಬಳದ ಸೆಟ್ಟಿಗಳನ್ನೂ ಯಾರು ನಂಬುತ್ತಾರೆ? ಖೊಟ್ಟಿ ಉತಾರವೊಂದು ಸಿಕ್ಕಿಬಿದ್ದರೆ ಆ ಮನೆತನದ ಒಳ್ಳೆಯ ಹೊಲಗಳ ಕಾಗದಪತ್ರಗಳ ಮೇಲೂ ಜನರ ಕಣ್ಣು ಬೀಳುತ್ತದೆ. ಸುಳ್ಳಿನ ಹಿರಿಮೆಯ ಬೆಲೆಯನ್ನು ತೆರುವುದು ನಿಜವಾದ ಹಿರಿಮೆ.

ಆದುದರಿಂದ ತರುಣನು ಕರಡನ್ನು ತಿದ್ದಿ ಬರೆಯುತ್ತಾನೆ. ರಕ್ಖಿತ ಥೇರನು ಮೂರನೆಯ ಧರ್ಮಸಂಗೀತಿಯ ಬಳಿಕ ವನವಾಸಕ್ಕೆ ಹೋದನೆಂದು ಸಿಂಹಳದ ಪರಂಪರೆ ಹೇಳುತ್ತದೆ. ಅವನ ಉಪದೇಶದ ವರ್ಣನೆಯೂ ಅಂಕಿಗಳೂ ಮಹಾವಂಶದವು. ವನವಾಸವನ್ನು ಬನವಾಸಿಯೆಂದು ಗುರುತಿಸಲಾಗಿದೆ. ಸಮಕಾಲೀನ ಶಾಸನಗಳಲ್ಲಿ ಅವನ ಹೆಸರು ದೊರೆತಿಲ್ಲ; ಆ ಸೀಮೆಯಲ್ಲಿ ಬೌದ್ಧಧರ್ಮವಿದ್ದುದಕ್ಕೆ ಬೇರೆ ಸಾಕ್ಷಿಗಳಿವೆ. ಒಂದೊಂದು ವಾಕ್ಯದ ತುದಿಗೂ ಒಂದೊಂದು ಚಿಕ್ಕ ಅಂಕಿ. ಅಡಿಯಲ್ಲಿ ಗ್ರಂಥದ ಹೆಸರು, ಪರಿಚ್ಛೇದ, ಪುಟ. ಎಲ್ಲ ಸೇರಿ ಹತ್ತು ಸಾಲು ಆದೀತು.

‘ಎಂದು ಮಹಾವಂಶ ಹೇಳುತ್ತದೆ’ ಎಂಬ ಮಾತು ಅಂಜುಬುರುಕತನದ್ದೆಂದು ಕೆಲವರಿಗೆ ತೋರಬಹುದು. ಆದರೆ ಹೊಲದ ಮೂಲೆಯಲ್ಲಿ ನೆಟ್ಟ ಬಾಂದುಗಲ್ಲು ಬೆಳೆಯನ್ನು ಕಡಮೆ ಮಾಡುವುದಿಲ್ಲ. ಯಾವುದು ತನ್ನದು, ಯಾವುದು ನೆರೆಯವನದು ಎಂಬುದನ್ನು ತೋರಿಸುತ್ತದೆ. ಮುಂದೊಂದು ದಿನ ಬನವಾಸಿಯ ಮಣ್ಣಿನಿಂದ ರಕ್ಖಿತನ ಹೆಸರುಳ್ಳ ಕಲ್ಲೊಂದು ಎದ್ದುಬಂದರೆ ಆ ಹತ್ತು ಸಾಲುಗಳಲ್ಲಿ ಯಾವುದನ್ನೂ ಅಳಿಸಬೇಕಾಗಿಲ್ಲ. ಹನ್ನೊಂದನೆಯದನ್ನು ಸೇರಿಸಿದರಾಯಿತು.