ಎರಡು ಚೀಟಿಗಳ ನಡುವೆ

‘ಎದೆ ಭಾರವಾಗಿದೆ’ ಎಂದು ಅಜ್ಜಿ ಹೇಳಿದರೆ ಅದು ಹೃದಯದ ನೋವೋ, ಮನಸ್ಸಿನ ನೋವೋ? ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಆದರೆ ಚಿಕಿತ್ಸೆ ಎರಡು; ಹಲವೊಮ್ಮೆ ವೈದ್ಯರೂ ಇಬ್ಬರು. ಕಾಸರಗೋಡಿನ ನಮ್ಮ ಮನೆಗಳಲ್ಲಿ ಹೃದಯದ ಔಷಧಚೀಟಿ ಮಂಗಳೂರಿನದಾದರೆ ಖಿನ್ನತೆಯದು ಊರಿನದಾಗಿರಬಹುದು. ಒಬ್ಬರು ಬರೆದುದನ್ನು ಇನ್ನೊಬ್ಬರು ಕಾಣದಿದ್ದರೆ ಅಪಾಯವಿದೆ.

ಮೆಟೊಪ್ರೊಲಾಲ್ ಎಂಬ ಹೃದಯದ ಮಾತ್ರೆಯನ್ನು ಯಕೃತ್ತಿನ ಕಿಣ್ವವೊಂದು ವಿಭಜಿಸುತ್ತದೆ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್‌ಗಳು ಅದೇ ಕಿಣ್ವವನ್ನು ತಡೆಯುತ್ತವೆ. ಆಗ ಮೆಟೊಪ್ರೊಲಾಲ್ ರಕ್ತದಲ್ಲಿ ಹೆಚ್ಚಾಗಿ, ನಾಡಿ ಮಂದವಾಗಿ, ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಇವೇ ಮಾತ್ರೆಗಳು ಆಸ್ಪಿರಿನ್, ವಾರ್ಫರಿನ್‌ಗಳೊಡನೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಸಿಟಲೋಪ್ರಾಮ್ ಅಧಿಕವಾದರೆ ಹೃದಯದ ಲಯ ಕೆಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿ, 60 ವರ್ಷ ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ ಮಿತಿಯನ್ನು ಹೇಳಿತು.

ಹಾಗೆಂದು ಖಿನ್ನತೆಗೆ ಔಷಧವೇ ಬೇಡವೆನ್ನುವುದು ತಪ್ಪು. ಹೃದಯಾಘಾತದ ಬಳಿಕ ಖಿನ್ನತೆಯೂ ಒಂದು ಆಪತ್ತು. ಹೃದ್ರೋಗಿಗಳಲ್ಲಿಯೇ ಪರೀಕ್ಷಿಸಿ ನೋಡಿದ ಸರ್ಟ್ರಲಿನ್‌ನಂತಹ ಮಾತ್ರೆಗಳಿವೆ. ಆಯ್ಕೆ ವೈದ್ಯರದು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಚೀಟಿ ಇಂಗ್ಲಿಷಿನದು, ಆಸ್ಪತ್ರೆಯ ಮಾತು ಮಲಯಾಳದ್ದು, ಅಜ್ಜಿಯ ಸಂಕಟ ಕನ್ನಡದ್ದು. ಮೂರನ್ನೂ ಬಲ್ಲವರು ಮನೆಯಲ್ಲಿ ಬಹುಶಃ ನೀವೊಬ್ಬರೇ. ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತುಗಳನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರು ವೈದ್ಯರಿಗೂ ತೋರಿಸಿರಿ. ‘ಎದೆ ಭಾರ’ ಎಂದರೇನೆಂದು ಅಜ್ಜಿಯನ್ನೇ ಬಿಡಿಸಿ ಕೇಳಿ, ಅವರಿಗೆ ತಿಳಿಸಿರಿ. ಐಚ್ಛಿಕ ಕನ್ನಡ ಓದುವವರು ಮಾಡಬೇಕಾದ ಅರ್ಥವಿವರಣೆಗಳಲ್ಲಿ ಇದೂ ಒಂದು.