ಬಾನೆಟ್ಟಿನ ಒಳಗ ಕರೀ ಬಣ್ಣ ಬ್ಯಾಡ

ಮಾವನವರ ಕಾಲದ ಟಾಟಾ-ಬೆಂಝ್ ಲಾರಿ, 1969ಕ್ಕ ಆ ಎರಡು ಕಂಪನಿ ಬ್ಯಾರೆ ಆಗೂಕಿಂತ ಮೊದಲಿಂದು, ಮತ್ತ ಬಣ್ಣಕ್ಕ ನಿಂತೈತಿ. ಬಾನೆಟ್ಟಿನ ಒಳಗ ಕರೀದ ಹೊಡಸ್ಬೇಕಂತ ಮನಿ ಗಂಡಸರ ಹಟ. ಯಾಕಂದ್ರ, "ಹೊಲಸು ಕಾಣೂದಿಲ್ಲ!"

ಅಲ್ರೀ ಅಕ್ಕಾರ, ಕಾಣಲಿಲ್ಲಂದ್ರ ಹೊಲಸು ಇಲ್ಲಂತೇನು? ಡೀಸೆಲ್ ಪೈಪು ಜಿನುಗಿದ್ದು, ಆಯಿಲ್ ಸೋರಿದ್ದು ಕರೀ ತಗಡಿನ ಮ್ಯಾಲೆ ಯಾರ ಕಣ್ಣಿಗೆ ಬೀಳತೈತಿ? ಕಾದ ಹೊಗಿ ಪೈಪಿನ ಮ್ಯಾಲೆ ಅದು ಬಿದ್ರ ಬೆಂಕಿ. ಸ್ಟೇರಿಂಗ್ ಹಿಡಿಯಾಂವ ನನ್ನ ಮಗ.

ತುಕ್ಕು ಕೆರದು, ಜಿಡ್ಡು ತಗದು, ಪ್ರೈಮರ್ ಹಚ್ಚಿ, ಮ್ಯಾಲೆ ತಿಳಿ ಬೂದಿ ಬಣ್ಣ ಹೊಡಸ್ರಿ, ಹೊಳಿಯೂದು. ಒಲಿ ಹಿಂದಿನ ಟೈಲ್ಸಿನಂಗ ಅರಬಿಲೆ ಒರಸಾಕ ಬರತೈತಿ. ಶಾಖ ತಡಿಯೂ ತುಟ್ಟಿ ಬಣ್ಣ ಹೊಗಿ ಪೈಪಿಗಷ್ಟ ಸಾಕು. ಬಣ್ಣದ ರೊಕ್ಕ ಕೊಡಾಕಿ ನಾನ. ಕರೀ ಡಬ್ಬಿ ಹೊಸ್ತಿಲಾ ದಾಟೂದಿಲ್ಲ.