ಐದು ನಕ್ಷತ್ರಗಳೂ ಒಂದು ನಿಜವಾದ ಫಲಕವೂ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೈಸೂರಿನ ಕುವೆಂಪುನಗರದಲ್ಲಿ ಸಣ್ಣದೊಂದು ಜಿಮ್ ನಡೆಸುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೂಗಲ್‌ನಲ್ಲಿ ಹುಡುಕಿದರೆ ಅದು ಎಲ್ಲೋ ಕೆಳಗೆ ಕಾಣಿಸುತ್ತದೆಂದು, 'ನಾವೆಲ್ಲರೂ ಐದು ನಕ್ಷತ್ರ ಕೊಟ್ಟು ಎರಡು ಸಾಲು ಹೊಗಳಿ ಬರೆಯೋಣ' ಎಂಬ ಸಲಹೆ ಅವನ ಸಹಪಾಠಿಗಳ ವಾಟ್ಸಾಪ್ ಬಳಗದಲ್ಲಿ ಬಂದಿದೆಯಂತೆ. ಗೆಳೆಯನಿಗೆ ನೆರವಾಗಬೇಕೆಂಬ ಮನಸ್ಸು ದೊಡ್ಡದು. ಆದರೆ ಹಿಡಿದ ದಾರಿ ಸರಿಯಲ್ಲ. ಪುಣೆಯಲ್ಲೋ ನ್ಯೂಜೆರ್ಸಿಯಲ್ಲೋ ಕುಳಿತು, ಆ ಜಿಮ್ಮಿನ ಹೊಸಿಲನ್ನೇ ತುಳಿಯದವರು ಬರೆಯುವ ಹೊಗಳಿಕೆಗೂ, ತರಗತಿಗೆ ಬಾರದ ಗೆಳೆಯನ ಪರವಾಗಿ 'ಹಾಜರ್ ಸಾರ್' ಎಂದು ಕೂಗುವುದಕ್ಕೂ ವ್ಯತ್ಯಾಸವೇನು?

ಇದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಜಿಮ್ ಹುಡುಕುವವರೆಲ್ಲ ಇಪ್ಪತ್ತರ ತರುಣರಲ್ಲ. ಸಕ್ಕರೆ ಕಾಯಿಲೆಗೆ ವೈದ್ಯರು ವ್ಯಾಯಾಮ ಮಾಡಿರೆಂದು ಹೇಳಿ ಕಳುಹಿಸಿದ ಐವತ್ತೈದರ ಗುಮಾಸ್ತರಿದ್ದಾರೆ, ಮೊಣಕಾಲು ನೋವಿನ ಗೃಹಿಣಿಯರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಅರವತ್ತೈದು ದಾಟಿದವರಿಗೂ ಇದು ಬೇಕು, ಸಮತೋಲನದ ಅಭ್ಯಾಸವೂ ಬೇಕು. ಇಂಥವರು ಹತ್ತು ಬಾರಿ ಹಿಂಜರಿದು, ಹನ್ನೊಂದನೆಯ ಬಾರಿ ಮಗನ ಫೋನಿನಲ್ಲಿ ಜಿಮ್ ಹುಡುಕುತ್ತಾರೆ. ಅವರು ಓದುವ ಮಾತು ಸುಳ್ಳಾದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನನ್ನ ಪತ್ನಿಗೆ ಹೀಗೇ ಆಯಿತು. ಇನ್ನೊಂದು ಬಡಾವಣೆಯ ಜಿಮ್ ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುತ್ತದೆಂದು ಪುಟದಲ್ಲಿತ್ತು. ಹನ್ನೊಂದು ಗಂಟೆಗೆ ಹೋದರೆ ಬೀಗ. ಇನ್ನು ತೆರೆಯುವುದು ಸಂಜೆ ನಾಲ್ಕಕ್ಕೆಂದು ಪಕ್ಕದ ಅಂಗಡಿಯವರು ಹೇಳಿದರು. ಆಕೆ ಇಂದಿಗೂ ಯಾವ ಜಿಮ್ಮಿಗೂ ಸೇರಿಲ್ಲ.

ಸ್ಥಳೀಯ ಹುಡುಕಾಟದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳಿಂದ ನಿರ್ಧರಿಸುವುದಾಗಿ ಗೂಗಲ್ ತಾನೇ ತಿಳಿಸಿದೆ: ಹುಡುಕಿದ್ದಕ್ಕೆ ಹೊಂದಿಕೆ, ದೂರ ಮತ್ತು ಪ್ರಸಿದ್ಧಿ. ಹಣ ಕೊಟ್ಟು ಈ ಸಾಲಿನಲ್ಲಿ ಮೇಲೇರಲಾಗದು ಎಂದೂ ಹೇಳಿದೆ. ಆದುದರಿಂದ 'ಮೊದಲ ಸ್ಥಾನ ಖಾತರಿ' ಎಂದು ಫೋನ್ ಮಾಡುವ ದಲ್ಲಾಳಿಗಳ ಮಾತನ್ನು ನಂಬಬೇಕಾಗಿಲ್ಲ. ರಿವ್ಯೂಗಳ ಸಂಖ್ಯೆ ಪ್ರಸಿದ್ಧಿಯ ಲೆಕ್ಕಕ್ಕೆ ಸೇರುವುದು ನಿಜ. ನಿಮ್ಮ ಉಪಾಯ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಸ್ವಂತ ಅನುಭವವಿಲ್ಲದೆ ಬರೆದ ರಿವ್ಯೂ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಅವು ಅಳಿಸಿಹೋಗುತ್ತವೆ, ಕೆಲಕಾಲ ಹೊಸ ರಿವ್ಯೂಗಳಿಗೂ ತಡೆ ಬೀಳಬಹುದು. ದಂಡ ತೆರುವವನು ನಿಮ್ಮ ಗೆಳೆಯ, ನೀವಲ್ಲ.

ಹಾಗಾದರೆ ಮಾಡಬೇಕಾದುದೇನು? 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಕರೆಯಲಾಗುತ್ತಿರುವ ಆ ಪುಟವನ್ನು ಅಂಗಡಿಯ ಫಲಕದಂತೆ ನೋಡಬೇಕು. ಬಾಗಿಲ ಮೇಲೆ ಯಾವ ಹೆಸರಿದೆಯೋ ಅಲ್ಲಿಯೂ ಅದೇ ಇರಲಿ. 'ಮೈಸೂರಿನ ನಂಬರ್ ಒನ್' ಎಂಬ ಬಾಲ ಬೇಡ, ಅದೂ ನಿಯಮಬಾಹಿರವೇ. ಬೆಳಗಿನ ವೇಳೆ, ಸಂಜೆಯ ವೇಳೆಗಳನ್ನು ಬೇರೆ ಬೇರೆಯಾಗಿ ನಮೂದಿಸಲು ಅವಕಾಶವಿದೆ. ಆಯುಧಪೂಜೆಯಂದು ಬಾಗಿಲು ಮುಚ್ಚುವುದಾದರೆ ಅದನ್ನೂ ಮುಂಚಿತವಾಗಿ ತಿಳಿಸಬಹುದು. ಪರಿಚಯದ ಮಾತುಗಳಿಗೆ 750 ಅಕ್ಷರಗಳ ಮಿತಿಯಿದೆ. ಅಷ್ಟರಲ್ಲಿ 'ವಿಶ್ವದರ್ಜೆ', 'ಅತ್ಯಾಧುನಿಕ' ಎಂಬ ಶಬ್ದಗಳಿಗೆ ಜಾಗ ಕೊಡದೆ, ಹಿಂಜರಿಯುವವರ ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಮಹಿಳೆಯರಿಗೆ ಪ್ರತ್ಯೇಕ ವೇಳೆಯುಂಟೇ? ಮಹಿಳಾ ತರಬೇತುದಾರರಿದ್ದಾರೆಯೇ? ಎಷ್ಟು ಮೆಟ್ಟಿಲು ಹತ್ತಬೇಕು? ಇವೆಲ್ಲ ಕನ್ನಡದಲ್ಲಿಯೂ ಇರಲಿ, ಓದುವವರು ನೆರೆಹೊರೆಯವರಲ್ಲವೇ?

ಚಿತ್ರಗಳ ವಿಷಯದಲ್ಲಿ ನಮ್ಮವರೇ ಹಾಕಿಕೊಟ್ಟ ಮೇಲ್ಪಂಕ್ತಿಯೊಂದಿದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ಅಂಚೆಯ ಮೂಲಕ ದೂರದವರಿಗೂ ಅಂಗಸಾಧನೆಯ ಪಾಠ ಹೇಳಿದವರು. ಪ್ರಚಾರವನ್ನು ಅವರು ಕೀಳೆಂದು ಭಾವಿಸಲಿಲ್ಲ. ಆದರೆ ಅವರ ವ್ಯಾಯಾಮದ ಪುಸ್ತಕಗಳಲ್ಲಿ ಅಚ್ಚಾದದ್ದು ಅವರದೇ ಸಾಧನೆಯ ದೇಹ. ನಮ್ಮ ಹುಡುಗನೂ ಯಾವುದೋ ದೇಶದ ಜಟ್ಟಿಯ ಎರವಲು ಚಿತ್ರವನ್ನು ತೆಗೆದು, ತನ್ನಲ್ಲಿರುವ ನಾಲ್ಕು ಯಂತ್ರಗಳನ್ನೂ ಗಾಳಿ ಬೆಳಕಿನ ಆ ಕೋಣೆಯನ್ನೂ ತೋರಿಸಲಿ.

'ಸಾರ್, ಎಲ್ಲರೂ ಸುಳ್ಳು ಹೇಳುವಾಗ ಇವನೊಬ್ಬನೇ ಸತ್ಯ ಹೇಳಿ ಹಿಂದೆ ಬೀಳಬೇಕೇ?' ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಪ್ರಶ್ನೆ ನ್ಯಾಯವಾದದ್ದೇ. ಪಕ್ಕದ ದೊಡ್ಡ ಜಿಮ್ಮನ್ನು ಅವನು ಒಂದೇ ತಿಂಗಳಲ್ಲಿ ಮೀರಿಸುತ್ತಾನೆಂದು ನಾನು ಹೇಳಲಾರೆ. ಆದರೆ ಜಿಮ್ ಎಂಬುದು ಒಮ್ಮೆ ಮಾರಿ ಮರೆಯುವ ವ್ಯಾಪಾರವಲ್ಲ. ಬೆಳಗಿನ ಐದೂವರೆಗೆ ಯಾರೂ ಹತ್ತು ಕಿಲೋಮೀಟರ್ ದೂರದಿಂದ ಬರುವುದಿಲ್ಲ. ಬರುವವರು ಅದೇ ನಾಲ್ಕಾರು ಬೀದಿಗಳವರು. ಸುಳ್ಳು ಹೊಗಳಿಕೆಯನ್ನು ನಂಬಿ ಬಂದವನು ತಿಂಗಳು ತುಂಬುವ ಮೊದಲೇ ಹೊರಡುತ್ತಾನೆ, ಹೊರಟವನು ಹಾಲಿನ ಬೂತಿನ ಮುಂದೆ ನಾಲ್ವರಿಗೆ ಹೇಳುತ್ತಾನೆ. ನಿತ್ಯ ಬರುವ ಇಪ್ಪತ್ತು ಮಂದಿಯನ್ನು, ಮೆಚ್ಚಿದವರು ಮುನಿದವರು ಎಂಬ ಭೇದವಿಲ್ಲದೆ, ಯಾವ ಆಮಿಷವನ್ನೂ ಒಡ್ಡದೆ, 'ಕಂಡದ್ದನ್ನು ಬರೆಯಿರಿ' ಎಂದು ಅವನು ಕೇಳಲಿ. ದೂರು ಬಂದರೆ ವಿನಯದಿಂದ ಉತ್ತರಿಸಿ, ದೋಷವನ್ನು ತಿದ್ದಲಿ. ಮೂರು ನಕ್ಷತ್ರದ ಒಂದು ದೂರು, ಅದಕ್ಕೊಂದು ಸಜ್ಜನಿಕೆಯ ಉತ್ತರ, ಇವೆರಡೂ ಸೇರಿ ಹುಟ್ಟಿಸುವ ನಂಬಿಕೆಯನ್ನು ನೂರು ಹೊಗಳಿಕೆಗಳು ಹುಟ್ಟಿಸಲಾರವು.

ಗೆಳೆಯನಿಗೆ ನೆರವಾಗಲೇಬೇಕೆಂದಿದ್ದರೆ ಹೀಗೆ ಮಾಡಿರಿ. ಕಂಪ್ಯೂಟರ್ ಬಲ್ಲವರು ಅವನ ಪುಟದ ವೇಳೆ, ದೂರವಾಣಿ, ನಕ್ಷೆಯ ಗುರುತು ಸರಿಯಿವೆಯೇ ಎಂದು ನೋಡಿಕೊಡಿ. ಕನ್ನಡ ಚೆನ್ನಾಗಿ ಬಲ್ಲವರು ಆ 750 ಅಕ್ಷರಗಳನ್ನು ಬರೆದುಕೊಡಿ. ತಪ್ಪು ತಿದ್ದಲು ನಾನಿದ್ದೇನೆ. ಮೈಸೂರಿನಲ್ಲಿರುವವರು ಒಂದು ತಿಂಗಳು ನಿಜವಾಗಿಯೂ ಅಲ್ಲಿಗೆ ಹೋಗಿ ಬೆವರು ಸುರಿಸಿ, ಆಮೇಲೆ ನಿಮ್ಮ ಆತ್ಮಸಾಕ್ಷಿ ಹೇಳಿದಷ್ಟು ನಕ್ಷತ್ರ ಕೊಡಿ. ನಾಲ್ಕೇ ಕೊಟ್ಟರೂ ಅವನು ಬೇಸರ ಮಾಡಿಕೊಳ್ಳುವ ಹುಡುಗನಲ್ಲ.